ಕೈಯಲ್ಲಿ ಗನ್ ಇಲ್ಲದ ದೆವ್ವದ ಬಂಗಲೆ ಗೇಮ್ ಯಾಕೆ ಅಷ್ಟು ಹೆದರಿಸುತ್ತದೆ?

ನಿಮ್ಮ ಪ್ರಶ್ನೆ ಇದು: "ಲೇಯರ್ಸ್ ಆಫ್ ಫಿಯರ್ ಒಂದು ತಾಸು ಆಡಿದೆ. ಹೊಡೆಯಲು ಗನ್ ಇಲ್ಲ, ಬೆನ್ನಟ್ಟಿ ಬರುವ ದೆವ್ವವೂ ಇಲ್ಲ, ಬರೀ ಬಾಗಿಲು ತೆಗೆಯೋದೇ ಆಯಿತು. ಜನ ಯಾಕೆ ಇಷ್ಟು ಹೆದರುತ್ತಾರೆ? ಮುಂದುವರಿಸಲಾ, ಬಿಡಲಾ?"

ಬಿಡಬೇಡ್ರಿ. ಆದರೆ ನಿಲ್ಲಿಸಿದ ಜಾಗದಿಂದ ಮುಂದುವರಿಸಲೂ ಬೇಡಿ, ಮೊದಲಿಂದ ಶುರು ಮಾಡಿ. ಆರಂಭದ ಭಾಗವನ್ನು ನೀವು ಅವಸರದಲ್ಲಿ ದಾಟಿದ್ದೀರಿ ಅನ್ನಿಸುತ್ತದೆ. ಹೆಚ್ಚಿನವರು ಹಾಗೇ ಮಾಡುತ್ತಾರೆ.

ಪೋಲೆಂಡಿನ ಬ್ಲೂಬರ್ ಟೀಮ್ 2016ರ ಫೆಬ್ರವರಿಯಲ್ಲಿ ಬಿಡುಗಡೆ ಮಾಡಿದ ಗೇಮ್ ಇದು. ಬುದ್ಧಿ ಸ್ಥಿಮಿತ ಕಳೆದುಕೊಳ್ಳುತ್ತಿರುವ ಒಬ್ಬ ಚಿತ್ರಕಾರ ತನ್ನ ಹಳೇ ಬಂಗಲೆಗೆ ಬರುತ್ತಾನೆ, ಅರ್ಧಕ್ಕೆ ನಿಂತ ಚಿತ್ರ ಮುಗಿಸಬೇಕು. ಮೊದಲಿಗೆ ಆ ಮನೆಯಲ್ಲಿ ಏನೂ ಆಗುವುದಿಲ್ಲ. ಅಡುಗೆಮನೆ ಇದೆ, ಆಫೀಸ್ ಕೋಣೆ ಇದೆ, ಕೀಲಿ ಹಾಕಿದ ಸ್ಟುಡಿಯೋ ಇದೆ. ಕೀಲಿಕೈ ಹುಡುಕಿ ಸ್ಟುಡಿಯೋ ಹೊಕ್ಕು, ಚಿತ್ರದ ಮೇಲಿನ ಬಟ್ಟೆ ಸರಿಸಿ ಹೊರಗೆ ಬಂದರೆ, ನೀವು ಈಗಷ್ಟೇ ನಡೆದಾಡಿದ ಮನೆ ಅಲ್ಲಿ ಇರುವುದಿಲ್ಲ. ಹೆದರಿಕೆಯ ಬೇರು ಅಲ್ಲಿದೆ. ಆ ಮನೆಯ ದಾರಿ ನಿಮಗೆ ಬಾಯಿಪಾಠ ಆಗಿದ್ದರೆ ಮಾತ್ರ ಅದು ಬದಲಾದಾಗ ಎದೆ ಝಲ್ಲೆನ್ನುತ್ತದೆ.

ನಮ್ಮ ಗದಗ ಕಡೆಯ ಹಳೇ ಮಣ್ಣಿನ ಮಾಳಿಗೆ ಮನೆಗಳನ್ನು ನೆನಪಿಸಿಕೊಳ್ಳಿ. ರಾತ್ರಿ ಕರೆಂಟ್ ಹೋದರೂ ನನ್ನ ಅಜ್ಜಿ ಪಡಸಾಲೆಯಿಂದ ದೇವರ ಮನೆಗೆ ಚಿಮಣಿ ಇಲ್ಲದೇ ಹೋಗುತ್ತಿದ್ದಳು, ಒಂದು ಕೈ ಗೋಡೆ ಮೇಲೆ. ಒಂದು ರಾತ್ರಿ ಆ ಕೈಗೆ ಬಾಗಿಲು ಸಿಗದೇ ಗೋಡೆ ಹಾಗೇ ಮುಂದಕ್ಕೆ ಹೋದರೆ? ಈ ಗೇಮ್ ಮಾಡುವುದು ಅದನ್ನೇ. ನೀವು ಆ ಕಡೆ ನೋಡುತ್ತಿರುವಾಗ ಈ ಕಡೆಯ ಕೋಣೆ ಬದಲಾಗಿರುತ್ತದೆ. ಹೊಕ್ಕ ಬಾಗಿಲ ಕಡೆ ತಿರುಗಿದರೆ ಅಲ್ಲಿ ಬರೀ ಗೋಡೆ.

ನೀವು ಬೇಸರಪಟ್ಟ ಬಾಗಿಲಿನ ವಿಷಯವನ್ನೂ ಹೇಳಬೇಕು. ಒಂದು ಕ್ಲಿಕ್‌ಗೆ ಬಾಗಿಲು ಪೂರ್ತಿ ತೆರೆಯುವುದಿಲ್ಲ. ಬಟನ್ ಒತ್ತಿ ಹಿಡಿದು ಮೌಸ್ ಸರಿಸಿದಷ್ಟೇ ಅದು ಸರಿಯುತ್ತದೆ. ಒಂದಿಷ್ಟು ತೆರೆದು ಸಂದಿಯಲ್ಲಿ ಇಣುಕಬಹುದು, ಒಳಗೆ ಮರ ಕಿರುಗುಟ್ಟುವುದು ಕೇಳಿಸುತ್ತದೆ. ತೆಗೆಯುವ ಕೈ ನಿಮ್ಮದೇ ಆದ್ದರಿಂದ, ಒಳಗೆ ಏನೇ ಇದ್ದರೂ ಅದನ್ನು ನೀವೇ ಕರೆದಂತಾಗುತ್ತದೆ. 1996ರ ರೆಸಿಡೆಂಟ್ ಈವಿಲ್ ಗೇಮ್‌ನ ಬಂಗಲೆಯಲ್ಲೂ ಬಾಗಿಲು ನಿಧಾನಕ್ಕೆ ತೆರೆಯುತ್ತಿತ್ತು, ಆದರೆ ಅದು ಮುಂದಿನ ಕೋಣೆ ಲೋಡ್ ಆಗಲಿ ಅಂತ. ಅಲ್ಲಿ ಎಷ್ಟೇ ಕಡಿಮೆ ಇದ್ದರೂ ಗುಂಡುಗಳಿದ್ದವು. ಇಲ್ಲಿ ಹೊಡೆಯಲು ಏನೂ ಇಲ್ಲ, ಹೊಡೆದೇನು ಅನ್ನುವ ಧೈರ್ಯವೂ ಇಲ್ಲ. ಹುಬ್ಬಳ್ಳಿಯ ರೂಮಿನಲ್ಲಿ ನಾನು ಆಡುವಾಗ ಪಕ್ಕದಲ್ಲಿ ಕೂತಿದ್ದ ತಮ್ಮ ನನ್ನ ರಟ್ಟೆ ಹಿಡಿದು "ಅಣ್ಣಾ, ಹೊಳ್ಳಿ ನೋಡಬ್ಯಾಡೋ" ಅಂದ. ತೆರೆಯ ಮೇಲೆ ಆಗ ಖಾಲಿ ಪಡಸಾಲೆ ಬಿಟ್ಟರೆ ಏನೂ ಇರಲಿಲ್ಲ.

ಕೊರತೆ ಇಲ್ಲ ಅಂತಲ್ಲ. ಅರ್ಧ ದಾಟಿದ ಮೇಲೆ ಧಡ್ ಅಂತ ಎದುರಿಗೆ ಬಂದು ಬೆಚ್ಚಿಬೀಳಿಸುವುದು ಅತಿಯಾಗುತ್ತದೆ, ಅಷ್ಟರಮಟ್ಟಿಗೆ ಮನೆಯ ಬಿಗಿ ಸಡಿಲುತ್ತದೆ. 2023ರಲ್ಲಿ ಅನ್‌ರಿಯಲ್ ಎಂಜಿನ್ 5 ಅನ್ನುವ ಗೇಮ್ ಕಟ್ಟುವ ಸಾಫ್ಟ್‌ವೇರ್‌ನಲ್ಲಿ ಮತ್ತೆ ಕಟ್ಟಿದ ಆವೃತ್ತಿ ನೋಡಲು ಬಹಳ ಚೆಂದ ಇದೆ. ಆದರೆ ಅದರಲ್ಲಿ ದೆವ್ವವನ್ನು ಹಿಮ್ಮೆಟ್ಟಿಸಲು ಕೈಗೊಂದು ಲಾಟೀನು ಕೊಟ್ಟಿದ್ದಾರೆ. ನನಗೆ 2016ರದ್ದೇ ಮೇಲು, ನೀವೂ ಅದನ್ನೇ ಆಡಿ.

ಶುರು ಮಾಡುವಾಗ ಹೆಡ್‌ಫೋನ್ ಹಾಕಿಕೊಳ್ಳಿ, ರೂಮಿನ ಲೈಟ್ ಆರಿಸಿ. ಸ್ಟುಡಿಯೋ ಕೀಲಿ ಸಿಕ್ಕರೂ ಕೂಡಲೇ ಹೋಗಬೇಡಿ. ಇಡೀ ಮನೆ ಎರಡು ಸಲ ಸುತ್ತಿ, ಡ್ರಾಯರ್ ಎಳೆದು ನೋಡಿ, ಸಿಕ್ಕ ಚೀಟಿ ಓದಿ. ಹೆಂಡತಿ, ಮಗಳ ಕಥೆ ಆ ಚೀಟಿಗಳಲ್ಲೇ ಚೂರುಚೂರಾಗಿ ಸಿಗುತ್ತದೆ, ಕೊನೆಗೆ ಚಿತ್ರಕಾರನ ಮೇಲೆ ಸಿಟ್ಟು ಬರುವುದೂ ಅದರಿಂದಲೇ. ಇಷ್ಟವಾದರೆ ಮುಂದೆ 2010ರ ಅಮ್ನೀಸಿಯಾ: ದ ಡಾರ್ಕ್ ಡಿಸೆಂಟ್ ಆಡಿ. ಅಲ್ಲಿ ಕತ್ತಲಲ್ಲಿ ಅಡಗಿದರೆ ಜೀವ ಉಳಿಯುತ್ತದೆ, ಆದರೆ ಕತ್ತಲಲ್ಲಿ ನಿಂತಷ್ಟೂ ಬುದ್ಧಿ ಕೆಡುತ್ತದೆ.