ಜಮೈಕಾದ ತಾಳ, ಆಫ್ರಿಕಾದ ಮಾತು

ಪ್ರಶ್ನೆ: ಶಿವಮೊಗ್ಗದಲ್ಲಿ ಓದುತ್ತಿರುವ ನನ್ನ ಮಗ ರಜೆಗೆ ಬಂದಾಗಲೆಲ್ಲ ಜಿಂಬಾಬ್ವೆಯ ಡಾನ್ಸ್‌ಹಾಲ್ ಹಾಡುಗಳನ್ನು ಕೇಳುತ್ತಿರುತ್ತಾನೆ. ಒಂದೇ ಹಿಮ್ಮೇಳಕ್ಕೆ ಹಲವು ಗಾಯಕರು ಹಾಡುವುದು ನನಗೆ ಕಳ್ಳತನದಂತೆ ತೋರುತ್ತದೆ. ಈ ಸಂಗೀತ ಆಫ್ರಿಕಾದ್ದೇ?
– ಓದುಗರು, ತೀರ್ಥಹಳ್ಳಿ

ಉತ್ತರ: ಅದು ಕಳ್ಳತನವಲ್ಲ, ಆ ಸಂಗೀತದ ಪದ್ಧತಿಯೇ ಹಾಗೆ. ಡಾನ್ಸ್‌ಹಾಲ್ ರೂಪುಗೊಂಡದ್ದು 1970ರ ದಶಕದ ಕೊನೆಯಲ್ಲಿ, ಜಮೈಕಾದ ಕಿಂಗ್‌ಸ್ಟನ್ ನಗರದಲ್ಲಿ, ರೆಗೆ ಸಂಗೀತದ ಒಡಲಿನಿಂದ. ಬಡವರ ಬೀದಿಗಳಲ್ಲಿ ಆಳೆತ್ತರದ ಸ್ಪೀಕರುಗಳನ್ನು ಪೇರಿಸಿ, ಹಿಮ್ಮೇಳದ ಗ್ರಾಮಫೋನ್ ತಟ್ಟೆಯನ್ನು ತಿರುಗಲು ಬಿಟ್ಟು, ಮೈಕು ಹಿಡಿದವನು ಅದರ ಮೇಲೆ ಆಶುವಾಗಿ ಮಾತು ಕಟ್ಟುತ್ತಿದ್ದ. ಆ ಹಿಮ್ಮೇಳವನ್ನು ಅಲ್ಲಿ ‘ರಿಡಿಮ್’ ಎನ್ನುತ್ತಾರೆ. ನಿಮ್ಮ ಸೀಮೆಯ ಯಕ್ಷಗಾನದಲ್ಲಿ ಭಾಗವತರು ಒಂದೇ ಮಟ್ಟಿನಲ್ಲಿ ಬೇರೆ ಬೇರೆ ಪ್ರಸಂಗಗಳ ಪದ್ಯಗಳನ್ನು ಹಾಡುವುದನ್ನು ನೀವು ಕೇಳಿದ್ದರೆ, ರಿಡಿಮ್ಮಿನ ನ್ಯಾಯ ನಿಮಗೆ ಆಗಲೇ ತಿಳಿದಿದೆ. 1985ರಲ್ಲಿ, ಕ್ಯಾಸಿಯೊ ಎಂಟಿ-40 ಎಂಬ ಪುಟ್ಟ ಕೀಬೋರ್ಡಿನಲ್ಲಿ ಮೊದಲೇ ಅಡಕವಾಗಿದ್ದ ತಾಳವೊಂದರಿಂದ ಹೊರಟ ರಿಡಿಮ್ಮಿಗೆ ನೂರಾರು ಹಾಡುಗಳು ಹುಟ್ಟಿಕೊಂಡವು. ವಾದ್ಯವೃಂದದ ಖರ್ಚಿಲ್ಲದೆ ಹಾಡು ಮಾಡಬಹುದೆಂಬುದೇ ಬಡ ಹುಡುಗರಿಗೆ ದೊಡ್ಡ ಬಿಡುಗಡೆಯಾಯಿತು.

ಆಫ್ರಿಕಾದಲ್ಲಿ ಇದಕ್ಕೆ ನೆಲ ಹದ ಮಾಡಿದ್ದು ರೆಗೆ. 1980ರ ಏಪ್ರಿಲ್‌ನಲ್ಲಿ ಜಿಂಬಾಬ್ವೆ ಸ್ವತಂತ್ರವಾದಾಗ ಜಮೈಕಾದ ರೆಗೆ ಗಾಯಕ ಬಾಬ್ ಮಾರ್ಲೆ ಇಂದಿನ ಹರಾರೆಗೆ ಹೋಗಿ ಹಾಡಿದ್ದರು. ಮುಂದೆ ಅದೇ ನಗರದ ಎಂಬಾರೆಯಂಥ ಬಡಾವಣೆಗಳಲ್ಲಿ, ಮನೆಯ ಕೋಣೆಯಲ್ಲೇ ಕಂಪ್ಯೂಟರ್ ಇಟ್ಟುಕೊಂಡು ಧ್ವನಿಮುದ್ರಿಸಿದ ಯುವಕರು, ನಿರುದ್ಯೋಗದ ಸಂಕಟವನ್ನು ಶೋನಾ ಭಾಷೆಯಲ್ಲಿ ಹಾಡಿ ‘ಜಿಮ್‌ಡಾನ್ಸ್‌ಹಾಲ್’ ಬೆಳೆಸಿದರು. ವಿಂಕಿ ಡಿ ಈ ಪ್ರಕಾರದ ಹೆಸರಾಂತ ಗಾಯಕ. ಘಾನಾದಲ್ಲಿ ಶಾಟಾ ವಾಲೆ, ಸ್ಟೋನ್‌ಬ್ವಾಯ್ ಜನಪ್ರಿಯರು. ಜಮೈಕಾದ ಉಚ್ಚಾರವನ್ನು ಅನುಕರಿಸುವ ಹಾಡುಗಳಿಗಿಂತ, ತಮ್ಮ ನುಡಿಯಲ್ಲೇ ತಮ್ಮ ಬೀದಿಯನ್ನು ಹೇಳುವ ಹಾಡುಗಳು ನನಗೆ ಹೆಚ್ಚು ಪ್ರಿಯ. ಮಗನನ್ನು ಕೇಳಿ, ಮೊದಲು ಅಂಥದ್ದೊಂದನ್ನು ಹಾಕಿಸಿಕೊಳ್ಳಿ.