ಹದಿನಾರನೇ ಶತಮಾನದ ಫ್ರೆಂಚ್ ಲೇಖಕ ಮಾಂಟೇನ್‌ನ ಪ್ರಬಂಧಗಳನ್ನು ಎಲ್ಲಿಂದ ಓದಲು ಶುರು ಮಾಡಬೇಕು? ಒಂದೇ ಪುಟದಲ್ಲಿ ಆತ ಒಂದಕ್ಕೊಂದು ಹೊಂದದ ಎರಡು ಮಾತಾಡುವುದೇಕೆ?

ಮೊದಲ ಪುಟದಿಂದಂತೂ ಬೇಡ. ಒಟ್ಟು 107 ಪ್ರಬಂಧಗಳು, ಮೂರು ಸಂಪುಟ (57, 37, 13). ಆರಂಭದವು ಚಿಕ್ಕವು, ಹಳೆಯ ಯುದ್ಧಗಳ ಪ್ರಸಂಗಗಳೇ ಹೆಚ್ಚು. ಬಹಳ ಮಂದಿ ಅಲ್ಲೇ ಪುಸ್ತಕ ಮುಚ್ಚಿಡುತ್ತಾರೆ.

ಕಟ್ಟಕಡೆಯ ‘ಅನುಭವವನ್ನು ಕುರಿತು’ ಮೊದಲು ಓದಿ. ಅವಸರದಲ್ಲಿ ಉಣ್ಣುತ್ತ ನಾಲಿಗೆ ಕಚ್ಚಿಕೊಳ್ಳುವುದು, ಕರಬೂಜದ ಆಸೆ, ಮೂತ್ರದ ಕಲ್ಲಿನ ನೋವು, ವೈದ್ಯರ ಮೇಲಿನ ಗುಮಾನಿ ಎಲ್ಲ ಅಲ್ಲಿವೆ. ಮನುಷ್ಯ ಸ್ವಭಾವದ ಬಗ್ಗೆ ಅವನ ವಿಚಾರ ಹುಟ್ಟುವುದೇ ಇಂಥವುಗಳಿಂದ. ಆಮೇಲೆ ಎರಡನೇ ಸಂಪುಟದ 6ನೆಯದು: ಕುದುರೆಯಿಂದ ಬಿದ್ದು ಸಾವಿನ ಹತ್ತಿರ ಹೋಗಿಬಂದ ವಿವರ. ಅದೇ ಸಂಪುಟದ 12ನೆಯದು ಎಲ್ಲಕ್ಕಿಂತ ಉದ್ದ, ಕೊನೆಗಿಡಿ. ಶೀರ್ಷಿಕೆಗಳನ್ನೂ ನಂಬಬೇಡಿ; ‘ಸಾರೋಟುಗಳು’ ಎಂಬುದರ ತಿರುಳು ಅಮೆರಿಕದಲ್ಲಿ ಸ್ಪೇನಿನವರು ನಡೆಸಿದ ಕ್ರೌರ್ಯ!

ಇನ್ನು ಎರಡು ಮಾತಿನ ಪ್ರಶ್ನೆ. 1580ರಲ್ಲಿ ಮೊದಲೆರಡು ಸಂಪುಟ ಬಂದವು. 1588ರಲ್ಲಿ ಮೂರನೆಯದರ ಜೊತೆಗೆ ಹಳೆಯವಕ್ಕೂ ನೂರಾರು ಸೇರ್ಪಡೆ. 1592ರಲ್ಲಿ ಸಾಯುವವರೆಗೂ ಅಚ್ಚಾದ ಪ್ರತಿಯ ಅಂಚಿನಲ್ಲಿ ಬರೆಯುತ್ತಲೇ ಇದ್ದ. ಹಳೆಯದನ್ನು ಹೊಡೆದುಹಾಕುವುದು ಕಡಿಮೆ, ಪಕ್ಕದಲ್ಲೇ ಹೊಸದನ್ನು ಸೇರಿಸುವುದು ಜಾಸ್ತಿ. ಹಾಗಾಗಿ ನಲವತ್ತರ ಆಸುಪಾಸಿನ ಮಾತೂ ಐವತ್ತೈದು ದಾಟಿದವನ ಮಾತೂ ಒಂದೇ ಪ್ಯಾರಾದಲ್ಲಿ ಕೂತಿರುತ್ತವೆ. ಇದನ್ನು ತಾರ್ಕಿಕ ದೋಷ ಎನ್ನುವವರು ಪುಸ್ತಕದ ಕಟ್ಟಡವನ್ನೇ ಗಮನಿಸಿಲ್ಲ.

ಈ ಪದರಗಳಿಗೆ ಎ (1580ರದು), ಬಿ (1588ರದು), ಸಿ (ಆಮೇಲೆ ಅಂಚಿನಲ್ಲಿ ಬರೆದದ್ದು) ಎಂದು ಗುರುತು ಹಾಕಿದ ಆವೃತ್ತಿ ಕೊಳ್ಳಿ. ಇಂಗ್ಲಿಷಿನಲ್ಲಿ ಡೊನಾಲ್ಡ್ ಫ್ರೇಮ್, ಎಂ. ಎ. ಸ್ಕ್ರೀಚ್ ಅನುವಾದಗಳಲ್ಲಿ ಈ ಗುರುತಿದೆ. ವಾದದ ಎಳೆ ತಪ್ಪಿದರೆ ಎ ಭಾಗವನ್ನಷ್ಟೇ (ಮೂರನೇ ಸಂಪುಟದಲ್ಲಾದರೆ ಬಿ ಭಾಗವನ್ನಷ್ಟೇ) ಓದಿ, ಆಮೇಲೆ ಉಳಿದದ್ದನ್ನು ಸೇರಿಸಿಕೊಂಡು ಮತ್ತೊಮ್ಮೆ ಓದಿ.