ಹಳೆಯ ಕೈನೆಕ್ಟ್ ಇದೆ, ಕೈಸನ್ನೆಯಲ್ಲೇ ಪರದೆ ನಡೆಸಬಹುದಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಗದಗ ಹತ್ತಿರದ ಹೈಸ್ಕೂಲಿನ ವಿಜ್ಞಾನ ಪ್ರದರ್ಶನಕ್ಕೆ ಲಕ್ಕುಂಡಿ ಗುಡಿಗಳ ಫೋಟೋ ತೋರಿಸುವ ಒಂದು ಪರದೆ ಮಾಡಬೇಕು. ಯಾರೂ ಮೌಸ್ ಮುಟ್ಟಬಾರದು, ಕೈ ಬೀಸಿದರೆ ಫೋಟೋ ಬದಲಾಗಬೇಕು. ಎಕ್ಸ್‌ಬಾಕ್ಸ್ 360 ಗೇಮ್ ಯಂತ್ರದ ಹಳೆಯ ಕೈನೆಕ್ಟ್, ಅಂದರೆ ಎದುರು ನಿಂತವರ ಮೈಯ ಚಲನೆ ನೋಡುವ ಕ್ಯಾಮೆರಾ ಪೆಟ್ಟಿಗೆ, ನಿಮ್ಮ ಹತ್ತಿರ ಇದೆ. ಅದರಲ್ಲಿ ಆಗುತ್ತಾ, ಇಲ್ಲ ಮಾಮೂಲಿ ವೆಬ್‌ಕ್ಯಾಮ್ ಸಾಕಾ ಅಂತ ಕೇಳಿದ್ದೀರಿ.

ಕೈನೆಕ್ಟ್‌ನಲ್ಲೇ ಮಾಡಿ. ಚೆನ್ನಾಗಿ ಆಗುತ್ತದೆ. ನಾನು ಧಾರವಾಡದವನು. ಇಲ್ಲಿಯ ಮತ್ತು ಹುಬ್ಬಳ್ಳಿಯ ಇಂಜಿನಿಯರಿಂಗ್ ಹುಡುಗ ಹುಡುಗಿಯರ ಪ್ರಾಜೆಕ್ಟ್‌ಗಳಲ್ಲಿ ಜೊತೆಗೆ ಕೂತು ಕೆಲಸ ಮಾಡುತ್ತೇನೆ. ಕೈಸನ್ನೆ ಅಂದ ತಕ್ಷಣ ಎಲ್ಲರೂ ಮೊದಲು ಚಿಂತೆ ಮಾಡುವುದು ಕೈಯನ್ನು ಗುರುತಿಸುವುದು ಹೇಗೆ ಅಂತ. ಆ ಕೆಲಸ 2010ರಲ್ಲೇ ಬಹುಪಾಲು ಮುಗಿದಿದೆ. ನಿಜವಾಗಿ ಕಷ್ಟ ಇರುವುದು ಬೇರೆ ಕಡೆ: ಯಾವ ಕೈ ಆಟ ಆಜ್ಞೆ ಅಲ್ಲ ಅಂತ ಯಂತ್ರಕ್ಕೆ ತಿಳಿಸುವುದು. ನಿಮ್ಮ ಸಮಯದ ಮುಕ್ಕಾಲು ಭಾಗ ಅದಕ್ಕೇ ಇಡಿ.

ಮೊದಲು ಆ ಪೆಟ್ಟಿಗೆಯೊಳಗೆ ಏನಿದೆ ನೋಡೋಣ. ಪ್ರದರ್ಶನದಲ್ಲಿ ಮಕ್ಕಳು ಇದನ್ನು ವಿವರಿಸಲೇಬೇಕಲ್ವಾ. 2010ರ ನವೆಂಬರ್‌ನಲ್ಲಿ ಬಂದ ಈ ಕೈನೆಕ್ಟ್‌ನ ಆಳ, ಅಂದರೆ ಎದುರಿನ ವಸ್ತು ಎಷ್ಟು ದೂರ ಇದೆ ಅನ್ನುವುದನ್ನು ಅಳೆಯುವ ತಂತ್ರ ಇಸ್ರೇಲಿನ ಪ್ರೈಮ್‌ಸೆನ್ಸ್ ಕಂಪನಿಯದು. ಒಂದು ಕಡೆಯಿಂದ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಲೇಸರ್ ಸಾವಿರಾರು ಚುಕ್ಕೆಗಳನ್ನು ಎದುರಿಗೆ ಚೆಲ್ಲುತ್ತದೆ. ಸುಮಾರು ಏಳೂವರೆ ಸೆಂಟಿಮೀಟರ್ ಪಕ್ಕದಲ್ಲಿರುವ ಒಂದು ಕ್ಯಾಮೆರಾ ಆ ಚುಕ್ಕೆಗಳನ್ನು ನೋಡುತ್ತದೆ. ವಸ್ತು ಹತ್ತಿರ ಇದ್ದರೆ ಚುಕ್ಕೆ ಜಾಸ್ತಿ ಸರಿದು ಕಾಣುತ್ತದೆ, ದೂರ ಇದ್ದರೆ ಕಡಿಮೆ. ಹೆಬ್ಬೆರಳನ್ನು ಮುಖದ ಮುಂದೆ ಹಿಡಿದು ಒಂದು ಕಣ್ಣು, ಆಮೇಲೆ ಇನ್ನೊಂದು ಕಣ್ಣು ಮುಚ್ಚಿದರೆ ಬೆರಳು ಜಿಗಿದಂತೆ ಕಾಣುತ್ತದಲ್ಲ, ಹಾಗೇ ಇದು. ಆ ಸರಿತದಿಂದ ದೂರದ ಲೆಕ್ಕ ಸಿಗುತ್ತದೆ, ಸೆಕೆಂಡಿಗೆ 30 ಸಲ. ರಾತ್ರಿ ನೋಡುವ ಸಿಸಿಟಿವಿ ಕ್ಯಾಮೆರಾ ಸಿಕ್ಕರೆ ಕತ್ತಲ ಕೋಣೆಯಲ್ಲಿ ಗೋಡೆ ಮೇಲಿನ ಈ ಚುಕ್ಕೆಗಳನ್ನು ಮಕ್ಕಳಿಗೆ ತೋರಿಸಿ. ಅದನ್ನು ನೋಡಿದ ಮಕ್ಕಳಿಗೆ ತ್ರಿಕೋನಮಿತಿ ಯಾಕೆ ಬೇಕು ಅಂತ ಮತ್ತೆ ಹೇಳಬೇಕಾಗುವುದಿಲ್ಲ.

ಪ್ರತಿ ಬಿಂದು ಎಷ್ಟು ದೂರ ಇದೆ ಅಂತ ಹೇಳುವ ಈ ಆಳದ ಚಿತ್ರದಿಂದ ಮೈಯ ಕೀಲುಗಳನ್ನು ಹುಡುಕುವ ವಿಧಾನ ಮೈಕ್ರೋಸಾಫ್ಟ್‌ನ ಕೇಂಬ್ರಿಡ್ಜ್ ಸಂಶೋಧನಾ ಕೇಂದ್ರದಲ್ಲಿ ರೂಪುಗೊಂಡಿತು. ಪ್ರತಿ ಪಿಕ್ಸೆಲ್‌ಗೂ ಇದು ಮೊಣಕೈಯಾ, ಭುಜವಾ, ಅಂಗೈಯಾ ಅಂತ ಕೇಳಿ, ಮೈಯನ್ನು 31 ಭಾಗ ಮಾಡಿ, ಅದರಿಂದ ಕೀಲುಗಳ ಜಾಗ ಅಂದಾಜು ಮಾಡುತ್ತಾರೆ. ನಿಮ್ಮ ಪ್ರೋಗ್ರಾಮ್‌ಗೆ 20 ಕೀಲುಗಳ ಜಾಗ ಸಿದ್ಧವಾಗಿ ಬರುತ್ತದೆ. ಆದರೆ 2 ಮೀಟರ್ ದೂರದಲ್ಲಿ ಅದು ಗುರುತಿಸಬಲ್ಲ ಆಳದ ಅತಿ ಚಿಕ್ಕ ವ್ಯತ್ಯಾಸವೇ ಸುಮಾರು 1 ಸೆಂಟಿಮೀಟರ್. ಆದ್ದರಿಂದ ಈ ಮಾಡೆಲ್‌ನಿಂದ ಬೆರಳುಗಳ ಆಸೆ ಬೇಡ. ಅಂಗೈ ಎಲ್ಲಿದೆ ಅನ್ನುವುದಷ್ಟನ್ನು ನಂಬಿ.

ಈಗ ಆ ಮುಕ್ಕಾಲು ಭಾಗದ ಕೆಲಸ. ನಮ್ಮ ಕಡೆ ಕೈ ಆಡಿಸದೆ ಮಾತಾಡುವವರು ಎಷ್ಟು ಜನ ಇದ್ದಾರೆ ಹೇಳಿ? ಪರದೆ ಮುಂದೆ ನಿಂತ ಹುಡುಗ ಗೆಳೆಯನಿಗೆ "ಇಲ್ನೋಡಲೇ" ಅಂತ ಕೈ ಚಾಚಿದರೆ ಫೋಟೋ ಹಾರಿ ಹೋಗುತ್ತದೆ. ಅದಕ್ಕೆ ಒಂದು ಬಾಗಿಲು ಬೇಕು. ನಾನು ಹೇಳಿಕೊಡುವ ನಿಯಮ ಸರಳ: ಅಂಗೈ ಮೊಣಕೈಗಿಂತ ಮೇಲಿರಬೇಕು, ಮತ್ತು ಭುಜಕ್ಕಿಂತ ಒಂದು ಗೇಣು ಪರದೆ ಕಡೆ ಮುಂದೆ ಬಂದಿರಬೇಕು. ಅರ್ಧ ಸೆಕೆಂಡ್ ಹಾಗೇ ನಿಂತರೆ ಮಾತ್ರ ಯಂತ್ರ ಕೇಳಲು ಶುರು ಮಾಡಲಿ. ಆಗ ಪರದೆಯ ಮೂಲೆಯಲ್ಲಿ ಒಂದು ಹಸಿರು ಗುರುತು ಬೆಳಗಲಿ. ಕೈ ಇಳಿಸಿದರೆ ಬಾಗಿಲು ಮುಚ್ಚಿತು. ಮಾತಾಡುವಾಗ ಕೈ ಸಾಮಾನ್ಯವಾಗಿ ಮೈಗೆ ಹತ್ತಿರವೇ ಆಡುತ್ತದೆ. ಆ ಒಂದು ಗೇಣಿನ ವ್ಯತ್ಯಾಸ ಹಿಡಿಯಲು ಆಳ ಗೊತ್ತಾಗಬೇಕು. ಕೈನೆಕ್ಟ್ ಬಳಸಿ ಅಂತ ನಾನು ಹೇಳುವುದು ಇದಕ್ಕೇ.

ಶುರು ಮಾಡುವ ಸನ್ನೆಯಾಗಿ ನಮಸ್ಕಾರ ಇಡೋಣ ಅಂತ ಮಕ್ಕಳು ಹೇಳುತ್ತಾರೆ. ಯೋಚನೆ ಚಂದ, ಆದರೆ ಬೇಡ ಅನ್ನಿ. ಎರಡೂ ಅಂಗೈ ಎದೆಯ ಹತ್ತಿರ ಸೇರಿದರೆ ಆಳದ ಚಿತ್ರದಲ್ಲಿ ಕೈ ಮತ್ತು ಮೈ ಬೆರೆತು ಹೋಗುತ್ತವೆ. ಅಂಗೈ ಗುರುತು ಅಲ್ಲಿಂದ ಇಲ್ಲಿಗೆ ಜಿಗಿಯುತ್ತಿರುತ್ತದೆ.

ಇನ್ನು ಕೈ ಬೀಸುವುದರಲ್ಲೇ ಒಂದು ತೊಡಕಿದೆ. ಬಲದಿಂದ ಎಡಕ್ಕೆ ಬೀಸಿದ ಕೈ ಮತ್ತೆ ಬಲಕ್ಕೆ ಬರಲೇಬೇಕು. ವಾಪಸ್ ಬರುವಾಗ ಯಂತ್ರ ಅದನ್ನು ಇನ್ನೊಂದು ಆಜ್ಞೆ ಅಂದುಕೊಂಡು ಹಿಂದಿನ ಫೋಟೋ ತೋರಿಸಿಬಿಡುತ್ತದೆ. ಒಂದು ಸಲ ಬೀಸಿದ ಮೇಲೆ ಸುಮಾರು 1 ಸೆಕೆಂಡ್ ಏನನ್ನೂ ಕೇಳದಂತೆ ಮಾಡಿದರೆ ಇದು ಹೋಗುತ್ತದೆ. ನನ್ನನ್ನು ಕೇಳಿದರೆ ಬೀಸುವುದನ್ನೇ ಬಿಟ್ಟು, ಪರದೆಯ ಎಡಕ್ಕೂ ಬಲಕ್ಕೂ ದೊಡ್ಡ ಬಾಣ ಇಟ್ಟು, ಅದರ ಮೇಲೆ ಕೈ ತಂದು ಸ್ವಲ್ಪ ಹೊತ್ತು ನಿಲ್ಲಿಸಿದರೆ ಫೋಟೋ ಬದಲಾಗುವಂತೆ ಮಾಡುವುದು ಒಳ್ಳೆಯದು. ನೋಡಲು ಬೀಸಿದಷ್ಟು ಜೋರಿಲ್ಲ, ನಿಜ. ಆದರೆ ಮೊದಲ ಸಲ ಬಂದ ಅಜ್ಜಿಯೂ ಯಾರನ್ನೂ ಕೇಳದೆ ನಡೆಸುತ್ತಾರೆ. ಅಷ್ಟು ಸಾಕಲ್ವಾ? ಬಾಣಗಳನ್ನು ಎದೆಯ ಎತ್ತರಕ್ಕೆ ಇಡಿ. ಕೈ ಮೇಲೆತ್ತಿ ಹಿಡಿದರೆ ಬೇಗ ಸೋಲುತ್ತದೆ.

ಅಳತೆಗಳನ್ನು ಸೆಂಟಿಮೀಟರ್‌ನಲ್ಲಿ ಬರೆಯಬೇಡಿ. ಒಂದು ಗೇಣು ಅಂದೆನಲ್ಲ, ಅದನ್ನೂ ಎದುರು ನಿಂತವರ ಮೈ ಅಳತೆಯಲ್ಲೇ ಹೇಳಿ, ಭುಜದಿಂದ ಭುಜಕ್ಕೆ ಇರುವ ಅಗಲದ ಅರ್ಧ ಅಂತ. ಆರನೇ ಕ್ಲಾಸಿನ ಹುಡುಗಿಗೂ ಹೆಡ್‌ಮಾಸ್ಟರಿಗೂ ಒಂದೇ ಪ್ರೋಗ್ರಾಮ್ ನಡೆಯಬೇಕಾದರೆ ಇದೇ ದಾರಿ. ಎಡಗೈ ಬಳಸುವವರನ್ನೂ ಮರೆಯಬೇಡಿ. ಯಾವ ಕೈ ಮುಂದೆ ಬಂತೋ ಅದೇ ಕೈ.

ಸೀರೆ ಅಥವಾ ಪಂಚೆ ಉಟ್ಟವರ ಕಾಲು ಕೀಲುಗಳನ್ನು ಹುಡುಕಲು ಕೈನೆಕ್ಟ್ ಒದ್ದಾಡುತ್ತದೆ. ಕೈನೆಕ್ಟ್‌ಗೆ ಪ್ರೋಗ್ರಾಮ್ ಬರೆಯಲು ಮೈಕ್ರೋಸಾಫ್ಟ್ ಕೊಡುವ ಸಾಫ್ಟ್‌ವೇರ್ ಕಟ್ಟು ಎಸ್‌ಡಿಕೆ. 2012ರಲ್ಲಿ ಬಂದ ಅದರ 1.5ನೇ ಆವೃತ್ತಿಯಿಂದ ಕೂತವರಿಗಾಗಿ ಒಂದು ಮೋಡ್ ಇದೆ. ಅದು ಮೈಯ ಮೇಲಿನ ಅರ್ಧದ 10 ಕೀಲುಗಳನ್ನು ಮಾತ್ರ ನೋಡುತ್ತದೆ. ನಿಂತವರಿಗೂ ಅದನ್ನೇ ಹಾಕಿ. ನಿಮಗೆ ಕಾಲು ಬೇಕಾಗಿಯೇ ಇಲ್ಲ.

ಜನ ಗುಂಪು ಕಟ್ಟುತ್ತಾರೆ, ಅದು ಖಚಿತ. ಈ ಕೈನೆಕ್ಟ್ ಆರು ಜನರನ್ನು ಕಂಡರೂ ಕೀಲು ಲೆಕ್ಕ ಹಾಕುವುದು ಇಬ್ಬರದ್ದು ಮಾತ್ರ. ನೆಲದ ಮೇಲೆ 1.8 ಮೀಟರ್ ದೂರದಲ್ಲಿ ಸುಣ್ಣದಲ್ಲೋ ರಂಗೋಲಿಯಲ್ಲೋ ಒಂದು ವೃತ್ತ ಬರೆಯಿಸಿ. ಪ್ರೋಗ್ರಾಮ್‌ನಲ್ಲಿ ಆ ವೃತ್ತದಲ್ಲಿ ನಿಂತವರನ್ನು ಬಿಟ್ಟು ಉಳಿದವರನ್ನೆಲ್ಲ ತೆಗೆದುಹಾಕಿ. ಮಾಮೂಲಿ ವೆಬ್‌ಕ್ಯಾಮ್‌ನಲ್ಲಿ ಹೀಗೆ ದೂರ ನೋಡಿ ಬೇರ್ಪಡಿಸುವುದು ಸುಲಭವಲ್ಲ.

ಹಾಗಂತ ವೆಬ್‌ಕ್ಯಾಮ್ ಕಡಿಮೆಯದ್ದಲ್ಲ. ಗೂಗಲ್‌ನ ಮೀಡಿಯಾಪೈಪ್ ಅನ್ನುವ ಸಾಫ್ಟ್‌ವೇರ್ ಬರೀ ಬಣ್ಣದ ಚಿತ್ರದಿಂದ ಒಂದು ಕೈಯಲ್ಲಿ 21 ಬಿಂದುಗಳನ್ನು ಹುಡುಕುತ್ತದೆ, ಬೆರಳು ತುದಿಗಳೂ ಸೇರಿ. ನಿಮ್ಮ ಮಳಿಗೆ ಶಾಮಿಯಾನದಲ್ಲೋ ತೆರೆದ ವರಾಂಡದಲ್ಲೋ ಇದ್ದರೆ ಅದನ್ನೇ ಬಳಸಿ. ಬಿಸಿಲಿನಲ್ಲಿ ಇನ್‌ಫ್ರಾರೆಡ್ ತುಂಬಿ ತುಳುಕುತ್ತಿರುತ್ತದೆ, ಅದರಲ್ಲಿ ಕೈನೆಕ್ಟ್‌ನ ಚುಕ್ಕೆಗಳು ಕಳೆದುಹೋಗುತ್ತವೆ. ಗದಗದ ಬಿಸಿಲಿಗೆ ಕಿಟಕಿ ಪಕ್ಕದ ಮೇಜೂ ಆಗುವುದಿಲ್ಲ. ಕೋಣೆ ಸಿಕ್ಕರೆ ಕಿಟಕಿಗೆ ದಪ್ಪ ಪರದೆ ಹಾಕಿ ಕೈನೆಕ್ಟ್ ಇಡಿ. ಕೋಣೆಗಾಗಿ ಹೆಡ್‌ಮಾಸ್ಟರ್ ಹತ್ತಿರ ಈಗಲೇ ಮಾತಾಡಿ.

ಕೇಬಲ್ ಬಗ್ಗೆ ಒಂದು ಮಾತು. ಈ ಕೈನೆಕ್ಟ್‌ನ ಪ್ಲಗ್ ಮಾಮೂಲಿ ಯುಎಸ್‌ಬಿ ಅಲ್ಲ, ಅದಕ್ಕೆ ಹೊರಗಿನಿಂದ 12 ವೋಲ್ಟ್ ಬೇಕು. ಒಂದು ತುದಿ ಯುಎಸ್‌ಬಿ, ಇನ್ನೊಂದು ತುದಿ ಕರೆಂಟ್ ಇರುವ ಅಡಾಪ್ಟರ್ ಆನ್‌ಲೈನ್‌ನಲ್ಲಿ ಸಿಗುತ್ತದೆ. ಆಮೇಲೆ ವಿಂಡೋಸ್ ಕಂಪ್ಯೂಟರ್‌ನಲ್ಲಿ ಎಸ್‌ಡಿಕೆ 1.8 ಹಾಕಿಕೊಳ್ಳಿ, ಈ ಮಾಡೆಲ್‌ಗೆ ಅದೇ ಕೊನೆಯದು. ವಿಂಡೋಸ್ ಬದಲು ಲಿನಕ್ಸ್ ಇದ್ದರೆ ಲಿಬ್‌ಫ್ರೀನೆಕ್ಟ್ ಅನ್ನುವ ಮುಕ್ತ ಸಾಫ್ಟ್‌ವೇರ್ ಇದೆ. ಕೈನೆಕ್ಟ್ ಮಾರುಕಟ್ಟೆಗೆ ಬಂದ ಒಂದೇ ವಾರದಲ್ಲಿ ಹೆಕ್ಟರ್ ಮಾರ್ಟಿನ್ ಅನ್ನುವ ಪ್ರೋಗ್ರಾಮರ್ ಅದನ್ನು ಕಂಪ್ಯೂಟರ್ ಜೊತೆ ಮಾತಾಡಿಸುವ ಮುಕ್ತ ಡ್ರೈವರ್ ಬರೆದು ಹಂಚಿದರು. ಅದಕ್ಕೆ ಬಹುಮಾನ ಇಟ್ಟಿದ್ದು ಅಮೆರಿಕದ ಎಲೆಕ್ಟ್ರಾನಿಕ್ಸ್ ಕಂಪನಿ ಅಡಾಫ್ರೂಟ್. ಆ ಕೆಲಸ ಬೆಳೆದು ಓಪನ್‌ಕೈನೆಕ್ಟ್ ಅನ್ನುವ ಪ್ರೋಗ್ರಾಮರ್‌ಗಳ ಬಳಗ ಆಯಿತು. ತಯಾರಿಕೆ 2017ರಲ್ಲಿ ನಿಂತರೂ ಹಳೆಯ ಪೆಟ್ಟಿಗೆಗಳು ಇಂದಿಗೂ ಶಾಲೆಗಳಲ್ಲಿ ಕೆಲಸಕ್ಕೆ ಬರುವುದು ಇಂಥವರಿಂದಲೇ. ಆದರೆ ಲಿಬ್‌ಫ್ರೀನೆಕ್ಟ್ ಮುಖ್ಯವಾಗಿ ಕೊಡುವುದು ಆಳದ ಮತ್ತು ಬಣ್ಣದ ಚಿತ್ರ, ಕೀಲುಗಳ ಲೆಕ್ಕ ಬೇರೆ ಮಾಡಬೇಕು. ಹೈಸ್ಕೂಲ್ ಮಕ್ಕಳಿಗೆ ವಿಂಡೋಸ್ ದಾರಿಯೇ ಸಲೀಸು.

ಒಂದು ಆಸೆ ಹೇಳುತ್ತೇನೆ. ಲಕ್ಕುಂಡಿ ಫೋಟೋಗಳ ಪಕ್ಕದಲ್ಲಿ ಆಳದ ಚಿತ್ರವನ್ನೂ ಒಂದು ಸಣ್ಣ ಕಿಟಕಿಯಲ್ಲಿ ತೋರಿಸಿ. ಹತ್ತಿರದ್ದು ಕೆಂಪು, ದೂರದ್ದು ನೀಲಿ. ಮಕ್ಕಳು ಕೈ ಹಿಂದೆ ಮುಂದೆ ಮಾಡಿ ಬಣ್ಣ ಬದಲಾಗುವುದನ್ನು ನೋಡುತ್ತಾ ನಿಂತುಬಿಡುತ್ತಾರೆ. ಯಂತ್ರ ನಮ್ಮನ್ನು ಹೇಗೆ ನೋಡುತ್ತಿದೆ ಅನ್ನುವುದು ಅವರಿಗೆ ಕಣ್ಣಾರೆ ಕಾಣುತ್ತದೆ. ನನ್ನ ಮಟ್ಟಿಗೆ ಇಡೀ ಪ್ರಾಜೆಕ್ಟಿನಲ್ಲಿ ಎಲ್ಲಕ್ಕಿಂತ ಬೆಲೆಯದ್ದು ಆ ಕಿಟಕಿ.

ಕೈನೆಕ್ಟ್‌ನ ತಳದ ಸ್ಟಿಕ್ಕರ್‌ನಲ್ಲಿ ಮಾಡೆಲ್ 1414 ಅಂತ ಇದೆಯೋ 1473 ಅಂತ ಇದೆಯೋ ನೋಡಿ ಇಲ್ಲೇ ಬರೆಯಿರಿ. 1473 ಆಗಿದ್ದು ನೀವು ಲಿನಕ್ಸ್ ಹಿಡಿದರೆ ಪೆಟ್ಟಿಗೆಯನ್ನು ಮೇಲೆ ಕೆಳಗೆ ಬಾಗಿಸುವ ಮೋಟಾರ್ ತಿರುಗಿಸಲು ಸ್ವಲ್ಪ ಬೇರೆ ಕೆಲಸ ಇದೆ, ಅದನ್ನು ವಿವರವಾಗಿ ಹೇಳುತ್ತೇನೆ.